ರಾತ್ರಿ ಎರಡರ ಡ್ಯೂಟಿ ಡಾಕ್ಟರಿಗೊಂದು ಕಾಗದ

ಲಿವಿಂಗ್ ವಿಲ್, ಅಂದರೆ ಮಾತು ಹೋದ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಕಾಗದ, ಮಾಡಿಸಬೇಕು ಅಂತ ಹೊರಟವರು ಮೊದಲು ಹೋಗುವುದು ವಕೀಲರ ಹತ್ತಿರ. ತಪ್ಪೇನಿಲ್ಲ. ಆದರೆ ವಕೀಲರು ಬರೆದುಕೊಡುವ ಕಾಗದ ನ್ಯಾಯಾಧೀಶರು ಓದುತ್ತಾರೆ ಎಂಬ ಲೆಕ್ಕದಲ್ಲಿ ಇರುತ್ತದೆ. ‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯ, ಆಮಿಷಗಳೂ ಇಲ್ಲದೆ...’ ಎಂದು ಎರಡು ಪುಟ ನಡೆದು, ಕೊನೆಯ ಒಂದು ಸಾಲಿನಲ್ಲಿ ‘ನನಗೆ ಅನಗತ್ಯ ಚಿಕಿತ್ಸೆ ಕೊಡಬಾರದು’ ಅಂತ ಮುಗಿಯುತ್ತದೆ. ಈ ಕಾಗದವನ್ನು ನಿಜವಾಗಿ ಕೈಗೆತ್ತಿಕೊಳ್ಳುವವರು ಬೇರೆ. ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಡ್ಯೂಟಿಯಲ್ಲಿರುವ, ನಿಮ್ಮನ್ನು ಹಿಂದೆ ಒಮ್ಮೆಯೂ ನೋಡಿರದ, ಇನ್ನೂ ಮೂವತ್ತು ದಾಟದ ಡಾಕ್ಟರು. ಅವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಈ ಗಂಟಲಿಗೆ ಈಗ ಉಸಿರಾಟದ ಕೊಳವೆ ಇಳಿಸಬೇಕೋ ಬೇಡವೋ? ‘ಅನಗತ್ಯ’ ಅನ್ನುವ ಪದ ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಅನುಮಾನ ಬಂದರೆ ಡಾಕ್ಟರು ಕೊಳವೆ ಇಳಿಸುತ್ತಾರೆ. ಇಳಿಸಲೇಬೇಕು.

ಕಾನೂನು ಈಗ ಮೊದಲಿನಷ್ಟು ತೊಡಕಾಗಿಲ್ಲ. ಕೈಕೊಡುವುದು ವಾಕ್ಯಗಳು, ಬೀರುಗಳು ಮತ್ತು ನೆಂಟರು.

ಕಾನೂನಿನ ಕಥೆಯ ಒಂದು ತುದಿ ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿದೆ. ಆ ಊರಿನ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಹಲ್ಲೆ ಮಾಡಿದ. ಮಿದುಳಿಗೆ ಹೋಗುವ ರಕ್ತ ನಿಂತು ಆದ ಹಾನಿ ಮತ್ತೆ ಸರಿಹೋಗಲಿಲ್ಲ. ಆಗ ವಯಸ್ಸು 25. ನ್ಯುಮೋನಿಯಾದಿಂದ ತೀರಿಕೊಂಡದ್ದು 2015ರ ಮೇ 18ರಂದು. ನಡುವಿನ 41 ವರ್ಷ ಹಾಸಿಗೆಯಲ್ಲೇ ಕಳೆಯಿತು. ಊಟ ಕೊಡುವುದು ನಿಲ್ಲಿಸಿ ಅವರಿಗೆ ಬಿಡುಗಡೆ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದವರು ಪತ್ರಕರ್ತೆ ಪಿಂಕಿ ವಿರಾನಿ. ಕೂಡದು, ನಾವು ನೋಡಿಕೊಳ್ಳುತ್ತೇವೆ ಎಂದವರು ಕೆಇಎಂ ಸಿಬ್ಬಂದಿ. ಇಬ್ಬರೂ ಅರುಣಾ ಮೇಲಿನ ಅಕ್ಕರೆಯಿಂದಲೇ ಮಾತಾಡಿದರು. 2011ರ ಮಾರ್ಚ್ 7ರಂದು ಕೋರ್ಟ್ ವಿರಾನಿಯವರ ಅರ್ಜಿಯನ್ನು ತಳ್ಳಿಹಾಕಿ, ಅರುಣಾ ಪರವಾಗಿ ಮಾತಾಡುವ ಹಕ್ಕು ಅಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯವರದು ಎಂದಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಇದ್ದರೆ ಜೀವಾಧಾರ ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿಯನ್ನೂ ತೆರೆಯಿತು. ಅರುಣಾಗೆ ಏನು ಬೇಕಿತ್ತು ಅನ್ನುವುದು ಮಾತ್ರ ಆ ಕಡತದಲ್ಲಿ ಎಲ್ಲೂ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಪೀಠ, ಗೌರವದಿಂದ ಸಾಯುವುದೂ ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದು ಹೇಳಿ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆದರೆ ಹಾಕಿದ ಷರತ್ತುಗಳು ಎಂಥವು ಅಂದರೆ, ಕಾಗದಕ್ಕೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಧೀಶರ ಸಹಿ ಬೇಕು, ಚಿಕಿತ್ಸೆ ನಿಲ್ಲಿಸಬಹುದೇ ಎಂದು ನೋಡುವ ವೈದ್ಯಕೀಯ ಮಂಡಳಿಯ ಡಾಕ್ಟರುಗಳಿಗೆ 20 ವರ್ಷದ ಅನುಭವ ಬೇಕು, ಎರಡನೇ ಮಂಡಳಿಯನ್ನು ಜಿಲ್ಲಾಧಿಕಾರಿ ರಚಿಸಬೇಕು, ಕೊನೆಗೆ ನ್ಯಾಯಾಧೀಶರೇ ರೋಗಿಯನ್ನು ಬಂದು ನೋಡಬೇಕು. ತೀವ್ರನಿಗಾ ವೈದ್ಯರ ಸಂಘವೇ ಇದು ನಡೆಯುವ ಮಾತಲ್ಲ ಎಂದು ಮತ್ತೆ ಕೋರ್ಟಿಗೆ ಹೋಯಿತು. 2023ರ ಜನವರಿ 24ರ ಆದೇಶ ಗಂಟುಗಳನ್ನು ಬಿಡಿಸಿತು. ಈಗ ನಡೆಯುವುದು ಆ ಆದೇಶದ ಪ್ರಕಾರ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ, ಎರಡನೇ ಮಂಡಳಿಗೆ ಡಾಕ್ಟರನ್ನು ಹೆಸರಿಸುವ ಕೆಲಸವನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ವಹಿಸಿತು.

ಆ ಸುತ್ತೋಲೆ ಬಂದಾಗ ಪತ್ರಿಕೆಗಳಲ್ಲಿ ಓಡಾಡಿದ ಪದ ‘ದಯಾಮರಣ’. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು, ಅವರ ಹೆಸರಿನ ಜೊತೆಗೂ ಅದೇ ಪದ ಅಂಟಿಕೊಂಡಿತು. ಪದ ತಪ್ಪು ದಾರಿಗೆ ಎಳೆಯುತ್ತದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಭಾರತದಲ್ಲಿ ಇವತ್ತಿಗೂ ಅಪರಾಧ. ಸಾಕಾಯಿತು, ಹೋಗುತ್ತೇನೆ ಎಂದು ಕೇಳಿಕೊಳ್ಳುವ ಅರ್ಜಿಯೂ ಇದಲ್ಲ. ಗುಣವಾಗುವ ಆಸೆಯಿಲ್ಲದ ಕಾಯಿಲೆಯ ಕೊನೆಯಲ್ಲಿ, ಮಾತಾಡುವ ಶಕ್ತಿಯೂ ಹೋಗಿದ್ದಾಗ, ಸಾವನ್ನು ಮುಂದೂಡುವುದು ಬಿಟ್ಟರೆ ಬೇರೆ ಉಪಯೋಗವಿಲ್ಲದ ಯಂತ್ರಗಳನ್ನು ಹಾಕಬೇಡಿ ಅಥವಾ ತೆಗೆಯಿರಿ ಅನ್ನುವ ಸೂಚನೆ ಅಷ್ಟೆ. ‘ವಿಲ್’ ಎಂಬ ಹೆಸರೂ ಇನ್ನೊಂದು ಗೊಂದಲ. 1969ರಲ್ಲಿ ಲೂಯಿಸ್ ಕುಟ್ನರ್ ಎಂಬ ಶಿಕಾಗೋ ವಕೀಲರು ಇಟ್ಟ ಹೆಸರದು. ಆಸ್ತಿಯ ಉಯಿಲು ಸತ್ತ ಮೇಲೆ ಜಾರಿಗೆ ಬರುತ್ತದೆ, ಇದು ಉಸಿರಿರುವಾಗಲೇ ಬರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಆಸ್ಪತ್ರೆಯವರು ನಿಮ್ಮ ಸೈಟಿನ ಚಕ್ಕುಬಂದಿ ಓದುತ್ತಾ ಕೂರಬೇಕಾಗುತ್ತದೆ. ಬೇರೆಬೇರೆ ಇರಲಿ.

ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇವೆ, ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ನಮ್ಮ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರಪತ್ರವೂ ಬಿದ್ದುಹೋಗುತ್ತದೆ. ಬೇಕಾಗುವ ಹೊತ್ತಿಗೆ ಸರಿಯಾಗಿ ಸಾಯುವ ಕಾಗದ ಅದು. ಹಾಗೆಯೇ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ‘ಮುಂಗಡ ನಿರ್ದೇಶನ’ ಎಂಬ ಮಾತಿದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಮಾತ್ರ, ಅದರ ದಾರಿಯೇ ಬೇರೆ. ಲಿವಿಂಗ್ ವಿಲ್ ಅನ್ನೂ ಕೋರ್ಟು ಅದೇ ಹೆಸರಿನಿಂದ ಕರೆಯುತ್ತದೆ ಅಂತ ಅಲ್ಲಿನ ನಮೂನೆ ಇಳಿಸಿಕೊಂಡು ತುಂಬಿಬಿಡಬೇಡಿ.

ಈಗ ಬರವಣಿಗೆಗೆ ಬರೋಣ, ಎಲ್ಲರೂ ಎಡವುವ ಜಾಗ ಇದು.

ಜನ ಸಾಮಾನ್ಯವಾಗಿ ಬರೆಸುವ ವಾಕ್ಯ ‘ವೆಂಟಿಲೇಟರ್ ಬೇಡವೇ ಬೇಡ’. ಕೇಳುವುದಕ್ಕೆ ಸ್ಪಷ್ಟವಾಗಿಯೇ ಇದೆ. ಆದರೆ ತೋಟದಲ್ಲಿ ನಾಗರಹಾವು ಕಚ್ಚಿದೆ ಅಂದುಕೊಳ್ಳಿ. ವಿಷ ನರಗಳನ್ನು ಹಿಡಿದು ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಕೆಲವು ದಿನ ವೆಂಟಿಲೇಟರ್ ಉಸಿರಾಡಿಸಿದರೆ, ವಿಷನಿರೋಧಕ ಕೊಟ್ಟರೆ, ಮನುಷ್ಯ ಎದ್ದು ಮನೆಗೆ ನಡೆದು ಹೋಗುತ್ತಾನೆ. ಅರವತ್ತರ ಆರೋಗ್ಯವಂತರಿಗೆ ನ್ಯುಮೋನಿಯಾ ಬಂದಾಗಲೂ ಹೀಗೇ. ದೊಡ್ಡ ಆಪರೇಷನ್ ಆದಮೇಲೆ ಒಂದು ರಾತ್ರಿ ವೆಂಟಿಲೇಟರಿನಲ್ಲಿ ಇಡುವುದು ಮಾಮೂಲು. ಯಂತ್ರ ತಾನಾಗಿ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಅದು ಯಾವ ದಡಕ್ಕೆ ದಾಟಿಸುತ್ತಿದೆ ಅನ್ನುವುದು ಮುಖ್ಯ. ಕಾಗದ ಬರೆಯುವಾಗ ನೀವು ಊಹಿಸಿರದ ಸಂದರ್ಭ ಬಂದಿದೆ, ಗೊತ್ತಿದ್ದರೆ ಬೇರೆ ರೀತಿ ಬರೆಯುತ್ತಿದ್ದಿರಿ ಎಂದು ನಂಬಲು ಕಾರಣವಿದ್ದರೆ ನಿರ್ದೇಶನ ಆ ಚಿಕಿತ್ಸೆಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಒಳ್ಳೆಯದೇ. ಆದರೆ ಆ ಊಹೆಯ ಹೊರೆಯನ್ನು ಡ್ಯೂಟಿ ಡಾಕ್ಟರ ತಲೆ ಮೇಲೆ ಹೊರಿಸುವುದೇಕೆ?

ಆದ್ದರಿಂದ ಪ್ರತಿ ಸೂಚನೆಗೂ ಎರಡು ಭಾಗ ಇರಬೇಕು. ಮೊದಲು ಸ್ಥಿತಿ, ಆಮೇಲೆ ಚಿಕಿತ್ಸೆ. ಸ್ಥಿತಿಗಳು ಮೂರ್ನಾಲ್ಕಕ್ಕಿಂತ ಹೆಚ್ಚು ಬೇಕಿಲ್ಲ. ಕ್ಯಾನ್ಸರ್, ಹೃದಯ, ಕಿಡ್ನಿ, ಲಿವರ್, ಶ್ವಾಸಕೋಶದ ಕಾಯಿಲೆ ಕೊನೆಯ ಹಂತ ಮುಟ್ಟಿರುವುದು ಒಂದು. ಪಾರ್ಶ್ವವಾಯು, ಅಪಘಾತ ಅಥವಾ ಹೃದಯ ನಿಂತು ಮತ್ತೆ ನಡೆದ ಮೇಲೆ ಪ್ರಜ್ಞೆ ಮರಳುವ ಸಾಧ್ಯತೆ ಹೋಗಿರುವುದು ಇನ್ನೊಂದು. ಮರೆವಿನ ಕಾಯಿಲೆ ಬಲಿತು, ಮನೆಯವರ ಗುರುತು ಹೋಗಿ, ನುಂಗುವುದೂ ಮರೆತಿರುವುದು ಮೂರನೆಯದು. ಎರಡನೆಯದಕ್ಕೆ ಕಾಲದ ಮಾತೂ ಸೇರಲಿ. ಹೃದಯ ನಿಂತು ನಡೆದವರ ಮಿದುಳು ಎಷ್ಟು ಉಳಿದಿದೆ ಎಂದು ಡಾಕ್ಟರುಗಳು ಸಾಮಾನ್ಯವಾಗಿ 72 ಗಂಟೆಗೆ ಮೊದಲು ತೀರ್ಮಾನ ಹೇಳುವುದಿಲ್ಲ, ನಿದ್ದೆ ಬರಿಸುವ ಔಷಧಿಗಳ ಪ್ರಭಾವ ಇಳಿಯಬೇಕು.

ವಾಕ್ಯ ಹೀಗಿರಬಹುದು:

‘ನನ್ನ ಕಾಯಿಲೆ ಗುಣವಾಗುವ ಭರವಸೆಯಿಲ್ಲದ ಕೊನೆಯ ಹಂತದಲ್ಲಿದೆ ಎಂದು, ಅಥವಾ ನನಗೆ ಪ್ರಜ್ಞೆ ಮರಳುವ ಸಾಧ್ಯತೆ ಇಲ್ಲವೆಂದು ವೈದ್ಯಕೀಯ ಮಂಡಳಿಗಳು ತೀರ್ಮಾನಿಸಿದ್ದು, ನನ್ನ ನಿರ್ಧಾರವನ್ನು ನಾನೇ ತಿಳಿಸಲಾರದ ಸ್ಥಿತಿಯಲ್ಲಿದ್ದರೆ: ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವುದು) ಮಾಡಬೇಡಿ. ವೆಂಟಿಲೇಟರ್ ಹಾಕಬೇಡಿ, ಆಗಲೇ ಹಾಕಿದ್ದರೆ ತೆಗೆಯಿರಿ. ಡಯಾಲಿಸಿಸ್ ಶುರುಮಾಡಬೇಡಿ, ನಡೆಯುತ್ತಿದ್ದರೆ ನಿಲ್ಲಿಸಿ. ರಕ್ತದೊತ್ತಡ ಏರಿಸುವ ಔಷಧಿ ಬೇಡ. ಗಂಟಲಿಗೆ ತೂತು ಮಾಡುವ ಟ್ರೆಕಿಯೋಸ್ಟಮಿ ಬೇಡ.’

‘ಹಾಕಬೇಡಿ’ ಮತ್ತು ‘ಹಾಕಿದ್ದರೆ ತೆಗೆಯಿರಿ’ ಎರಡನ್ನೂ ಬರೆಯಿರಿ. ಅರ್ಧ ಬರೆದರೆ ಕಾಗದ ಅರ್ಧ ಕೆಲಸವನ್ನೇ ಮಾಡುತ್ತದೆ. ಆಂಬುಲೆನ್ಸಿನಲ್ಲೇ ಕೊಳವೆ ಇಳಿದಿರುತ್ತದೆ, ಬೇಡವೆಂದ ಕಾಗದ ಮನೆಯಲ್ಲಿರುತ್ತದೆ. ಹಾಕದೆ ಇರುವುದಕ್ಕಿಂತ ತೆಗೆಯುವುದಕ್ಕೆ ಮನೆಯವರ ಕೈಯೂ ನಡುಗುತ್ತದೆ, ಡಾಕ್ಟರ ಕೈಯೂ ನಡುಗುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಪ್ಯಾರಾ ಬೇಕು, ನಮ್ಮಲ್ಲಿ ಸಿಗುವ ಬಹಳಷ್ಟು ನಮೂನೆಗಳಲ್ಲಿ ಇದು ಕಾಣುವುದಿಲ್ಲ: ‘ಗುಣವಾಗುತ್ತದೋ ಇಲ್ಲವೋ ಹೇಳಲಾಗದ ಹೊತ್ತಿನಲ್ಲಿ ಎಲ್ಲ ಚಿಕಿತ್ಸೆಯನ್ನೂ ಶುರುಮಾಡಿ. ಏಳು ದಿನಗಳಾದ ಮೇಲೆ ನನ್ನ ಪ್ರತಿನಿಧಿಯ ಜೊತೆ ಕೂತು, ಸುಧಾರಿಸುತ್ತಿದ್ದೇನೋ ಇಲ್ಲವೋ ನೋಡಿ, ಮುಂದುವರಿಸುವುದನ್ನು ತೀರ್ಮಾನಿಸಿ.’ ಏಳು ಎಂಬುದು ಮಂತ್ರಸಂಖ್ಯೆಯಲ್ಲ. ಬಾಯಿಂದ ಇಳಿಸಿದ ಕೊಳವೆ ಒಂದೆರಡು ವಾರವಾಗುತ್ತಿದ್ದಂತೆ ಟ್ರೆಕಿಯೋಸ್ಟಮಿ ಮಾಡೋಣವೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಂದಾಚೆಗೆ ತಿಂಗಳುಗಳ ಲೆಕ್ಕ ಶುರು. ಆ ಕವಲು ಬರುವ ಮೊದಲು ಕೂತು ಮಾತಾಡುವುದಕ್ಕೆ ಒಂದು ದಿನಾಂಕ ಇರಲಿ ಅನ್ನುವುದಷ್ಟೇ ಉದ್ದೇಶ. ಈ ಪ್ಯಾರಾ ಮನೆಯವರಿಗೂ ಉಪಕಾರ. ‘ಎಲ್ಲ ಮಾಡಿದೆವು’ ಅನ್ನುವುದಕ್ಕೂ ‘ಇನ್ನು ಸಾಕು’ ಅನ್ನುವುದಕ್ಕೂ ಇದರಲ್ಲೇ ಜಾಗವಿದೆ.

ಸಿಪಿಆರ್ ಬಗ್ಗೆ ಒಂದು ಮಾತು. ಸಿನಿಮಾದಲ್ಲಿ ನಾಲ್ಕು ಸಲ ಎದೆ ಒತ್ತಿದರೆ ನಾಯಕ ಕಣ್ಣು ಬಿಡುತ್ತಾನೆ. ನಿಜದಲ್ಲಿ ಎದೆಮೂಳೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಮುದಿ ಎಲುಬಿಗೆ ಪಕ್ಕೆ ಮುರಿಯುವುದು ಸಾಮಾನ್ಯ. ಇದ್ದಕ್ಕಿದ್ದಂತೆ ಹೃದಯ ನಿಂತ ಐವತ್ತರ ಮನುಷ್ಯನಿಗೆ ಅದು ಜೀವದಾನ. ಮೈಯೆಲ್ಲ ಹರಡಿದ ಕ್ಯಾನ್ಸರಿನ ಕೊನೆಯ ವಾರದಲ್ಲಿ ಅದೊಂದು ಹಿಂಸೆ. ಹೃದಯದ ಬಡಿತ ತಪ್ಪಿದಾಗ ಎದೆಯೊಳಗಿಂದಲೇ ಶಾಕ್ ಕೊಡುವ ಐಸಿಡಿ ಎಂಬ ಯಂತ್ರ ಇರುವವರು ಇನ್ನೊಂದು ಸಾಲು ಸೇರಿಸಲೇಬೇಕು: ಕೊನೆಯ ಹಂತದಲ್ಲಿ ಅದರ ಶಾಕ್ ಭಾಗವನ್ನು ಆಫ್ ಮಾಡಿಸಿ. ಇಲ್ಲದಿದ್ದರೆ ಪ್ರಾಣ ಹೋಗುವ ಹೊತ್ತಿನಲ್ಲೂ ಅದು ಶಾಕ್ ಕೊಡುತ್ತಲೇ ಇರುತ್ತದೆ. ಹೊರಗಿಂದ, ಆಪರೇಷನ್ ಇಲ್ಲದೆ ಆಫ್ ಮಾಡಬಹುದು.

ಮೂಗಿನ ಕೊಳವೆ, ಅಂದರೆ ರೈಲ್ಸ್ ಟ್ಯೂಬ್, ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ವೆಂಟಿಲೇಟರ್ ಬೇಡ ಎನ್ನಲು ಗಟ್ಟಿ ಮನಸ್ಸು ಮಾಡಿದವರೂ ಊಟದ ವಿಷಯಕ್ಕೆ ಬಂದರೆ ಮೆತ್ತಗಾಗುತ್ತಾರೆ. ‘ಹೆತ್ತಮ್ಮನನ್ನ ಉಪವಾಸ ಕೆಡವಿದರು’ ಅಂತ ಊರು ಆಡಿಕೊಳ್ಳುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಸಾಯುತ್ತಿರುವ ದೇಹಕ್ಕೆ ಹಸಿವು ತಾನೇ ಇಳಿಯುತ್ತದೆ. ಊಟ ಬಿಟ್ಟಿದ್ದರಿಂದ ಸಾವು ಬರುತ್ತಿರುವುದಲ್ಲ, ಸಾವು ಬರುತ್ತಿರುವುದರಿಂದ ಊಟ ಬಿಟ್ಟಿರುವುದು. ಬಲಿತ ಮರೆವಿನ ಕಾಯಿಲೆಯಲ್ಲಿ ಕೊಳವೆ ಹಾಕಿದರೆ ಆಯುಷ್ಯ ಹೆಚ್ಚುವುದಿಲ್ಲ, ಆಹಾರ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾವೂ ತಪ್ಪುವುದಿಲ್ಲ. ಅಮೆರಿಕದ ವೃದ್ಧರೋಗ ತಜ್ಞರ ಸಂಘ ಕೊಳವೆಯ ಬದಲು ಕೈತುತ್ತನ್ನೇ ಶಿಫಾರಸು ಮಾಡುತ್ತದೆ. ಆದ್ದರಿಂದ ‘ಕೊಳವೆ ಬೇಡ’ ಎಂದು ಬರೆದು ಅಲ್ಲಿಗೇ ನಿಲ್ಲಿಸಬೇಡಿ. ‘ನುಂಗುವಷ್ಟು ದಿನ ಚಮಚದಲ್ಲಿ, ಕೇಳಿದಷ್ಟು, ಕೇಳಿದ್ದನ್ನು ಕೊಡಿ. ಆಮೇಲೆ ತುಟಿ ನಾಲಿಗೆ ಒಣಗದಂತೆ ಒದ್ದೆ ಮಾಡುತ್ತಿರಿ’ ಅಂತ ಮುಂದಿನ ಸಾಲನ್ನೂ ಬರೆಯಿರಿ. ಏನು ಬೇಡ ಎಂದಷ್ಟೇ ಹೇಳಿದರೆ ಮನೆಯವರು ಕೈಕಟ್ಟಿ ಕೂರಬೇಕಾಗುತ್ತದೆ. ಅದೇ ಅವರಿಗೆ ತಡೆಯಲಾಗದ್ದು. ಮಾಡುವುದಕ್ಕೆ ಕೆಲಸ ಕೊಡಿ.

ಬೇಕು ಅನ್ನುವ ಪಟ್ಟಿಯೂ ಅಷ್ಟೇ ಉದ್ದವಿರಲಿ. ನೋವಿಗೆ ಮಾರ್ಫಿನ್ ಸೇರಿದಂತೆ ಬೇಕಾದಷ್ಟು ಔಷಧಿ, ಅದರಿಂದ ಮಂಪರು ಬಂದರೂ ಪರವಾಗಿಲ್ಲ. ಉಸಿರಿನ ಸಂಕಟಕ್ಕೆ ಔಷಧಿ. ಮೈ ಒರೆಸುವುದು, ಮಗ್ಗುಲು ಬದಲಿಸುವುದು. ಸಾಧ್ಯವಿದ್ದರೆ ಮನೆ. ಆಸ್ಪತ್ರೆಯೇ ಆದರೆ ಐಸಿಯು ಬೇಡ, ಮನೆಯವರು ಜೊತೆಗಿರಬಹುದಾದ ವಾರ್ಡು. ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ದೊಡ್ಡ ಮಾತು. ತುಳಸಿ ನೀರೋ, ಗಂಗೆಯೋ, ಜಮ್ ಜಮ್ ನೀರೋ, ಯಾರ ಕೈಯಿಂದ ಎಂಬುದನ್ನೂ ಬರೆಯಬಹುದು. ಅದಕ್ಕೆ ಕಾನೂನಿನ ಬಲ ಬೇಕಾಗಿಲ್ಲ, ಆದರೆ ಭೇಟಿಯ ಸಮಯ ಮುಗಿಯಿತು ಎನ್ನುವ ಐಸಿಯು ಬಾಗಿಲಲ್ಲಿ ಆ ಸಾಲು ಕೆಲವೊಮ್ಮೆ ಕೆಲಸ ಮಾಡುತ್ತದೆ.

ಅಂಗದಾನದ ಹಂಬಲವಿದ್ದರೆ ಜೋಪಾನ, ಅದಕ್ಕೂ ‘ವೆಂಟಿಲೇಟರ್ ಬೇಡ’ ಎಂಬುದಕ್ಕೂ ನೇರ ಡಿಕ್ಕಿ. ಮಿದುಳು ಸತ್ತವರ ಅಂಗ ತೆಗೆಯುವವರೆಗೆ ಹೃದಯ ನಡೆಯುತ್ತಿರಬೇಕು, ಅದಕ್ಕೆ ವೆಂಟಿಲೇಟರ್ ಬೇಕು. ಮಿದುಳಿನ ಸಾವನ್ನು ಖಚಿತಪಡಿಸುವ ಪರೀಕ್ಷೆಗಳನ್ನೇ ಆರು ಗಂಟೆ ಅಂತರದಲ್ಲಿ ಎರಡು ಸಲ ಮಾಡಬೇಕು. ‘ಅಂಗದಾನಕ್ಕೆ ಬೇಕಾದಷ್ಟು ಹೊತ್ತು ಯಂತ್ರಗಳನ್ನು ಮುಂದುವರಿಸಬಹುದು’ ಎಂಬ ಒಂದು ಸಾಲು ಗೊಂದಲ ಬಿಡಿಸುತ್ತದೆ. ನಮ್ಮ ರಾಜ್ಯದಲ್ಲಿ ಅಂಗದಾನದ ನೋಂದಣಿ ‘ಜೀವಸಾರ್ಥಕತೆ’ಯಲ್ಲಿ.

ಇನ್ನು ಜನ. ನಿಮ್ಮ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಕಾಗದದಲ್ಲಿ ಹೆಸರಿಸಬೇಕು. 2023ರ ಆದೇಶ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಲು ಬಿಟ್ಟಿದೆ. ಬಿಟ್ಟಿದೆ ಅಂತ ನಾಲ್ಕು ಮಕ್ಕಳನ್ನೂ ಒಟ್ಟಿಗೆ ಬರೆದರೆ, ನಾಲ್ವರೂ ಒಪ್ಪುವತನಕ ಏನೂ ನಡೆಯುವುದಿಲ್ಲ. ‘ಮೊದಲು ಇಂಥವರು, ಅವರು ಸಿಗದಿದ್ದರೆ ಇಂಥವರು’ ಎಂದು ಸರದಿ ಹಾಕಿ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಬರೆಯುವುದು ಸಹಜ, ಆದರೆ ಎಂಬತ್ತರಲ್ಲಿ ಇಬ್ಬರಿಗೂ ಒಟ್ಟಿಗೆ ಕೈಲಾಗದೆ ಹೋಗಬಹುದು. ಎರಡನೆಯವರು ಕಿರಿಯರಾಗಿರಲಿ. ಆರಿಸುವಾಗ ಯಾರಿಗೆ ನಿಮ್ಮ ಮೇಲೆ ಪ್ರೀತಿ ಹೆಚ್ಚು ಎಂದು ನೋಡಬೇಡಿ. ಅತ್ತೂ ಅತ್ತೂ ಕೊನೆಗೆ ‘ಎಲ್ಲಾ ಮಾಡಿ ಡಾಕ್ಟ್ರೇ’ ಅನ್ನುವವರು ಪ್ರೀತಿಯಿಂದಲೇ ಹಾಗನ್ನುವುದು. ನಿಮ್ಮ ಮಾತನ್ನು ತಮ್ಮ ಆಸೆಗೆ ಅಡ್ಡ ಬಂದರೂ ನಡೆಸಿಕೊಡುವವರು ಬೇಕು. ಸೊಸೆ, ತಂಗಿಯ ಮಗ, ಹಳೆಯ ಸ್ನೇಹಿತೆ, ಯಾರೂ ಆಗಬಹುದು.

ದೂರದೇಶದ ಮಕ್ಕಳದು ಬೇರೆಯೇ ಅಧ್ಯಾಯ. ವರ್ಷಾನುಗಟ್ಟಲೆ ಪಕ್ಕದಲ್ಲಿದ್ದು ನೋಡಿಕೊಂಡ ಮಗಳು ‘ಸಾಕು’ ಎಂದು ಒಪ್ಪಿಕೊಂಡಿರುತ್ತಾಳೆ. ಡಲ್ಲಾಸಿನಿಂದ ಇಳಿದ ಅಣ್ಣ ಏರ್‌ಪೋರ್ಟಿನಿಂದ ನೇರ ಐಸಿಯುಗೆ ಬಂದು ‘ಇಷ್ಟಕ್ಕೇ ಕೈಬಿಟ್ಟರೆ ಹೇಗೆ? ದೊಡ್ಡ ಆಸ್ಪತ್ರೆಗೆ ಶಿಫ್ಟ್ ಮಾಡಿಸೋಣ’ ಅನ್ನುತ್ತಾನೆ. ಅಮೆರಿಕದ ಡಾಕ್ಟರುಗಳು ಇದಕ್ಕೆ ‘ಕ್ಯಾಲಿಫೋರ್ನಿಯಾದ ಮಗಳು’ ಅಂತ ಹೆಸರೇ ಇಟ್ಟಿದ್ದಾರೆ. ಅಪರಾಧಪ್ರಜ್ಞೆ ಮಾತಾಡುವುದು ಅದು, ವಾದ ಮಾಡಿ ಪ್ರಯೋಜನವಿಲ್ಲ. ಆಸ್ಪತ್ರೆಯವರಿಗೂ ಗಲಾಟೆ ಮಾಡುವವರ ಮಾತೇ ಮೊದಲು ಕೇಳಿಸುತ್ತದೆ. ಉಪಾಯವಿರುವುದು ಮುಂಚೆಯೇ: ಕಾಗದ ಸಿದ್ಧವಾದ ದಿನ ಎಲ್ಲ ಮಕ್ಕಳನ್ನೂ ಒಂದೇ ವಿಡಿಯೋ ಕರೆಯಲ್ಲಿ ಕೂರಿಸಿ, ಬರೆದವರೇ ಪೂರ್ತಿ ಓದಿ ಹೇಳಬೇಕು. ಬೇರೆಯವರ ಬಾಯಲ್ಲಿ ಕೇಳಿದ್ದಕ್ಕೂ ಅಪ್ಪನ ಬಾಯಲ್ಲಿ ಕೇಳಿದ್ದಕ್ಕೂ ವ್ಯತ್ಯಾಸವಿದೆ. ರೆಕಾರ್ಡ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ವಿದೇಶದಿಂದ ನಿವೃತ್ತರಾಗಿ ಮೈಸೂರಿಗೋ ಮಂಗಳೂರಿಗೋ ಮರಳಿದವರಿಗೂ ಒಂದು ಎಚ್ಚರಿಕೆ: ಅಲ್ಲಿ ಸಹಿ ಮಾಡಿದ ಫಾರಂ ಇಲ್ಲಿಯ ಷರತ್ತುಗಳನ್ನು ಪೂರೈಸುವುದಿಲ್ಲ, ಹೊಸದಾಗಿ ಮಾಡಿಸಿ.

ಸಹಿಯ ದಿನದ ಕೆಲಸ ಅರ್ಧ ಗಂಟೆಯದು. ವಯಸ್ಕರಾಗಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ, ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ನ್ಯಾಯಾಧೀಶರ ಹತ್ತಿರ ಹೋಗುವ ಕೆಲಸ ಈಗಿಲ್ಲ. ಸಾಕ್ಷಿಗಳು ಆದಷ್ಟೂ ಹೊರಗಿನವರಾಗಿರಬೇಕು ಎನ್ನುತ್ತದೆ ಆದೇಶ. ಆಸ್ತಿಯಲ್ಲಿ ಪಾಲು ಬರುವವರನ್ನೂ ಪ್ರತಿನಿಧಿಯನ್ನೂ ಸಾಕ್ಷಿ ಹಾಕಿಸಬೇಡಿ. ಪಕ್ಕದ ಮನೆಯವರು, ಬ್ಯಾಂಕಿನ ಗೆಳೆಯರು ಸಾಕು. ಒತ್ತಾಯವಿಲ್ಲದೆ, ಅರ್ಥಮಾಡಿಕೊಂಡು ಸಹಿ ಮಾಡಿದ್ದಾರೆ ಎಂದು ಸಾಕ್ಷಿಗಳೂ ನೋಟರಿಯೂ ಬರೆದಿರಬೇಕು. ಬರೀ ಸೀಲು ಒತ್ತಿಸಿಕೊಂಡು ಬರಬೇಡಿ. ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕು ನನಗಿದೆ, ಪರಿಣಾಮ ನನಗೆ ತಿಳಿದಿದೆ ಎಂಬ ಎರಡು ಸಾಲೂ ಇರಲೇಬೇಕು. ಛಾಪಾ ಕಾಗದವೇ ಆಗಬೇಕೆಂದಾಗಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕೆಂದಾಗಲಿ ಆದೇಶ ಹೇಳಿಲ್ಲ. ನೋಟರಿ ಛಾಪಾ ಕಾಗದ ಕೇಳಿದರೆ ವಾದಕ್ಕೆ ನಿಲ್ಲದೆ ತಂದುಕೊಡಿ. ಎಪ್ಪತ್ತೈದು ದಾಟಿದವರು ಅದೇ ವಾರದಲ್ಲಿ ಡಾಕ್ಟರಿಂದ ‘ತಿಳುವಳಿಕೆ ಸರಿಯಾಗಿದೆ’ ಎಂಬ ಚೀಟಿ ಬರೆಸಿಟ್ಟುಕೊಂಡರೆ ನಾಳೆ ‘ಅಮ್ಮನಿಗೆ ಆಗಲೇ ಮರೆವು ಶುರುವಾಗಿತ್ತು’ ಎಂಬ ತಕರಾರು ಏಳುವುದಿಲ್ಲ.

ಒಂದೇ ಮೂಲ ಮಾಡಿಸಬೇಡಿ. ಐದು ಪ್ರತಿ ಮುದ್ರಿಸಿ, ಐದಕ್ಕೂ ಅದೇ ದಿನ ಶಾಯಿಯಲ್ಲಿ ಸಹಿ, ಸಾಕ್ಷಿ, ನೋಟರಿ ಸೀಲು. ಜೆರಾಕ್ಸ್ ತೋರಿಸಿದರೆ ‘ಒರಿಜಿನಲ್ ಎಲ್ಲಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು, ಬರೆಯಬೇಕು ಕೂಡ, ತಾನು ಓದಲಾರದ ಕಾಗದಕ್ಕೆ ಸಹಿ ಮಾಡಿದವರ ಮಾತಿಗೆ ಬೆಲೆ ಕಮ್ಮಿ. ಆದರೆ ಡ್ಯೂಟಿ ಡಾಕ್ಟರು ಬೇರೆ ರಾಜ್ಯದವರಾಗಿರಬಹುದು. ಚಿಕಿತ್ಸೆಗಳ ಭಾಗವನ್ನು ಇಂಗ್ಲಿಷಿನಲ್ಲೂ ಒಂದು ಪುಟ ಸೇರಿಸಿ, ವ್ಯತ್ಯಾಸ ಕಂಡರೆ ಕನ್ನಡದ್ದೇ ಅಂತಿಮ ಎಂದು ಬರೆಯಿರಿ. ಅಸ್ಪಷ್ಟವಾದ ನಿರ್ದೇಶನವನ್ನು ಮಂಡಳಿಗಳು ಜಾರಿ ಮಾಡುವಂತಿಲ್ಲ. ಹಾಗಾದರೆ ಕಾಗದ ಬರೆಯದವರ ಸಾಲಿಗೇ ನೀವೂ ಸೇರುತ್ತೀರಿ.

ಪ್ರತಿಗಳು ಎಲ್ಲಿಗೆ? ಪ್ರತಿನಿಧಿಗಳಿಗೆ ಒಂದೊಂದು, ಮನೆಯ ಡಾಕ್ಟರಿಗೆ ಒಂದು, ಮನೆಯಲ್ಲಿ ಒಂದು, ಸ್ಥಳೀಯ ಸಂಸ್ಥೆಗೆ ಒಂದು. ಹಳ್ಳಿಯಾದರೆ ಗ್ರಾಮ ಪಂಚಾಯ್ತಿ, ಪಟ್ಟಣವಾದರೆ ಪುರಸಭೆ, ನಗರಸಭೆ ಅಥವಾ ಪಾಲಿಕೆ. ಬೆಂಗಳೂರಿನಲ್ಲಿ ಈಗ ಐದು ಪಾಲಿಕೆಗಳಿರುವುದರಿಂದ ನಿಮ್ಮ ಮನೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ಕಾಗದವನ್ನು ಕಾಯ್ದಿಡುವ ಅಧಿಕಾರಿಯನ್ನು ಆ ಸಂಸ್ಥೆಯೇ ನೇಮಿಸಬೇಕು. ಕೌಂಟರಿನಲ್ಲಿರುವವರಿಗೆ ಇದು ಗೊತ್ತಿಲ್ಲದಿರುವ ಸಂಭವವೇ ಹೆಚ್ಚು. ‘ಇದು ಇಲ್ಲಿ ಬರಲ್ಲ’ ಅನ್ನಬಹುದು. ಮುಖ್ಯಾಧಿಕಾರಿ ಅಥವಾ ಪಿಡಿಒ ಹೆಸರಿಗೆ ಒಂದು ಪತ್ರ, ಅದರಲ್ಲಿ 2023ರ ಜನವರಿ 24ರ ಆದೇಶದ ಉಲ್ಲೇಖ, ಆ ಪುಟಗಳ ನಕಲು, ಜೊತೆಗೆ ನಿಮ್ಮ ಕಾಗದ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ನಕಲಿನ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಉಳಿಸಿಕೊಳ್ಳಿ. 14 ಅಂಕಿಯ ಆಭಾ ಸಂಖ್ಯೆ ಇರುವವರು ತಮ್ಮ ಡಿಜಿಟಲ್ ಆರೋಗ್ಯ ದಾಖಲೆಗೂ ಇದನ್ನು ಸೇರಿಸಬಹುದು. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ಲಾಕರ್ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ, ಅದೂ ನಿಮ್ಮ ಸಹಿ ಇದ್ದರೆ.

ಆಸ್ಪತ್ರೆಯಲ್ಲಿ ನಡೆಯುವುದು ಹೀಗೆ. ಅಡ್ಮಿಷನ್ ದಿನವೇ ಕಾಗದ ಕೇಸ್ ಶೀಟಿನೊಳಗೆ ಸೇರಬೇಕು, ಕೊಳವೆ ಇಳಿದ ಮೇಲಲ್ಲ. ಪ್ರಜ್ಞೆ ಇದ್ದು ಮಾತಾಡುವವರಿಗೆ ಈ ಕಾಗದದ ಅಗತ್ಯವೇ ಇಲ್ಲ, ಬೇಡವೆಂದು ತಾವೇ ಹೇಳಬಹುದು. ಮಾತು ಹೋದಮೇಲೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರು ಕಾಗದ ಅಸಲಿಯೇ ಎಂದು ಡಿಜಿಟಲ್ ದಾಖಲೆಯಿಂದಲೋ, ಕಾಯ್ದಿಟ್ಟ ಅಧಿಕಾರಿಯಿಂದಲೋ ಖಚಿತ ಮಾಡಿಕೊಳ್ಳುತ್ತಾರೆ. ಆಸ್ಪತ್ರೆ ಮೊದಲ ಮಂಡಳಿ ರಚಿಸುತ್ತದೆ: ಆ ಡಾಕ್ಟರು, ಜೊತೆಗೆ ಐದು ವರ್ಷ ಅನುಭವದ ಇಬ್ಬರಾದರೂ ತಜ್ಞರು. 48 ಗಂಟೆಯೊಳಗೆ ಅಭಿಪ್ರಾಯ ಕೊಟ್ಟರೆ ಒಳ್ಳೆಯದು ಎನ್ನುತ್ತದೆ ಆದೇಶ. ಮೊದಲಿನವರು ಯಾರೂ ಇಲ್ಲದ ಎರಡನೇ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ಡಾಕ್ಟರು, ಮತ್ತೆ ಇಬ್ಬರು ತಜ್ಞರು. ಅವರಿಗೂ 48 ಗಂಟೆ. ಪ್ರತಿನಿಧಿಯ ಒಪ್ಪಿಗೆ. ಆಮೇಲೆ ಜೆಎಂಎಫ್‌ಸಿಗೆ ಆಸ್ಪತ್ರೆ ತಿಳಿಸುತ್ತದೆ. ತಿಳಿಸುವುದಷ್ಟೇ, ಅನುಮತಿ ಕಾಯುವುದಿಲ್ಲ. ಮಂಡಳಿ ಒಪ್ಪದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಅಂತೂ ಎಲ್ಲ ಸುಸೂತ್ರವಾದರೂ ನಾಲ್ಕು ದಿನ ಹಿಡಿಯಬಹುದು, ಆ ನಾಲ್ಕು ದಿನ ಯಂತ್ರ ನಡೆಯುತ್ತಲೇ ಇರುತ್ತದೆ, ಬಿಲ್ಲೂ. ಇದನ್ನು ಪ್ರತಿನಿಧಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮೂರನೇ ದಿನ ಅವರ ತಾಳ್ಮೆ ಮುಗಿದು ಹಳೆಯ ದಾರಿ ಹಿಡಿಯುತ್ತಾರೆ.

ಹಳೆಯ ದಾರಿ ಎಲ್ಲರಿಗೂ ಗೊತ್ತು. ‘ಇನ್ನು ನಮ್ಮ ಕೈಲಿಲ್ಲ, ಮನೆಗೆ ಕರ್ಕೊಂಡು ಹೋಗಿ’ ಅನ್ನುತ್ತಾರೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ’ ಎಂಬ ಫಾರಂಗೆ ಮಗನಿಂದ ಸಹಿ. ಆಂಬುಲೆನ್ಸಿನಲ್ಲಿ ಯಾರೋ ಕೈಯಿಂದ ಉಸಿರೂಡುವ ಆಂಬು ಬ್ಯಾಗ್ ಒತ್ತುತ್ತಾ ಹೋಗುತ್ತಾರೆ, ಮನೆಯ ಜಗುಲಿಯಲ್ಲಿ ಅದನ್ನು ನಿಲ್ಲಿಸುತ್ತಾರೆ. ಮಾರ್ಫಿನ್ ಇಲ್ಲ, ಉಸಿರಿನ ಸಂಕಟಕ್ಕೆ ಔಷಧಿಯಿಲ್ಲ, ಏನಾಗುತ್ತದೆಂದು ಹೇಳಿಕೊಡುವವರಿಲ್ಲ. ಮೇಲಾಗಿ ಬಿಟ್ಟುಬಂದವನು ನಾನು ಎಂಬ ಕೊರಗು ಆ ಸಹಿಯ ಜೊತೆ ಮಗನಿಗೆ ಉಳಿಯುತ್ತದೆ. ಸರಿಯಾದ ದಾರಿಯಲ್ಲಿ ಯಂತ್ರ ತೆಗೆಯುವ ಮೊದಲೇ ನೋವು, ದಮ್ಮಿಗೆ ಔಷಧಿ ಕೊಟ್ಟಿರುತ್ತಾರೆ. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇಲ್ಲಿ ನೋವು, ಸಂಕಟ ಇಳಿಸುವ ಪ್ಯಾಲಿಯೇಟಿವ್ ವಿಭಾಗ ಇದೆಯೇ ಎಂಬುದು. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾರ್ಫಿನ್ ಇಟ್ಟುಕೊಳ್ಳುವ ಪರವಾನಗಿಯ ಗೋಜಲು ಇಳಿದಿದೆ, ಆದರೂ ಎಲ್ಲ ಆಸ್ಪತ್ರೆಯಲ್ಲೂ ಸಿಗುತ್ತದೆಂದು ನಂಬಿ ಕೂರಬೇಡಿ, ವಿಚಾರಿಸಿ.

ಕಾಗದ ಬರೆಯದವರಿಗೂ ಇದೇ ಎರಡು ಮಂಡಳಿಗಳ ದಾರಿ ಇದೆ, ಒಪ್ಪಿಗೆ ಹತ್ತಿರದ ಬಂಧುಗಳದು. ವ್ಯತ್ಯಾಸ ಅಲ್ಲೇ. ಬಂಧುಗಳು ಆಗ ನಿಮ್ಮ ಇಚ್ಛೆಯನ್ನು ತಿಳಿಸುವುದಿಲ್ಲ, ಊಹಿಸುತ್ತಾರೆ.

ಐದು ವರ್ಷಕ್ಕೊಮ್ಮೆ, ದೊಡ್ಡ ಕಾಯಿಲೆ ಪತ್ತೆಯಾದಾಗ, ಅಥವಾ ಪ್ರತಿನಿಧಿ ತೀರಿಕೊಂಡಾಗ ಕಾಗದ ತೆಗೆದು ಓದಿ. ಬದಲಾಯಿಸಬೇಕೆನಿಸಿದರೆ ಪೆನ್ನಿನಿಂದ ಹೊಡೆದು ತಿದ್ದಬೇಡಿ, ತಿದ್ದುವುದಕ್ಕೂ ಮೊದಲಿನಂತೆ ಸಾಕ್ಷಿ, ನೋಟರಿ ಎಲ್ಲ ಬೇಕು. ರದ್ದು ಮಾಡುವುದಾದರೂ ಬರವಣಿಗೆಯಲ್ಲೇ ಆಗಬೇಕು. ಎರಡು ಕಾಗದ ಸಿಕ್ಕಿ ಯಾವುದೂ ರದ್ದಾಗಿಲ್ಲದಿದ್ದರೆ ಕೊನೆಗೆ ಸಹಿಯಾದದ್ದು ಲೆಕ್ಕಕ್ಕೆ ಬರುತ್ತದೆ. ಆದರೆ ರಾತ್ರಿ ಎರಡಕ್ಕೆ ಒಬ್ಬರ ಕೈಲಿ ಹಳೆಯದು, ಇನ್ನೊಬ್ಬರ ಕೈಲಿ ಹೊಸದು ಇದ್ದರೆ ದಿನಾಂಕ ನೋಡುವಷ್ಟು ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ. ಹೊಸದನ್ನು ಕೊಟ್ಟ ದಿನವೇ ಹಳೆಯದನ್ನು ವಾಪಸು ಇಸಿದುಕೊಳ್ಳಿ: ಮಗಳ ಫೈಲಿನಿಂದ, ಡಾಕ್ಟರ ಡ್ರಾಯರಿನಿಂದ, ಪಂಚಾಯ್ತಿಯ ಬೀರುವಿನಿಂದ.